ಅಂಕಿಗಳ ಹೊಳೆಗೆ ಚಿತ್ರದ ರೂಪ

ಭದ್ರಾ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಶಾಮನೂರಿನ ಕಡೆ ನಾಲೆಯನ್ನು ನೋಡಿದವರಿಗೆ ನೀರೆಲ್ಲ ಒಂದೇ ಸಮನೆ ಸಾಗುವಂತೆ ಕಾಣುತ್ತದೆ. ಅದರ ಮೇಲೆ ಒಂದು ಹಿಡಿ ಮಂಡಕ್ಕಿ ಚೆಲ್ಲಿದರೆ ನಿಜಸಂಗತಿ ಹೊರಬೀಳುತ್ತದೆ. ನಡುವಿನ ಕಾಳುಗಳು ಮುಂದೆ ಓಡುತ್ತವೆ, ದಡದವು ಹಿಂದುಳಿಯುತ್ತವೆ, ಸೇತುವೆಯ ಕಂಬದ ಹಿಂದೆ ಸಿಕ್ಕವು ಗಿರಗಿರನೆ ಸುತ್ತುತ್ತವೆ. ಕಣ್ಣಿಗೆ ಕಾಣದ ಹರಿವನ್ನು ಮಂಡಕ್ಕಿ ತೋರಿಸಿಕೊಟ್ಟಿತು!

ಸೂಪರ್ ಕಂಪ್ಯೂಟರುಗಳಲ್ಲಿ ಗಾಳಿ, ನೀರು, ಮೋಡಗಳ ಚಲನೆಯನ್ನು ಲೆಕ್ಕ ಹಾಕುವ ವಿಜ್ಞಾನಿಗಳಿಗೂ ಇಂಥದೊಂದು ಉಪಾಯ ಬೇಕು. ದ್ರವ ಮತ್ತು ಅನಿಲಗಳ ಹರಿವನ್ನು ವಿವರಿಸುವ ಸಮೀಕರಣಗಳನ್ನು 19ನೇ ಶತಮಾನದಲ್ಲಿ ನೇವಿಯರ್ ಮತ್ತು ಸ್ಟೋಕ್ಸ್ ರೂಪಿಸಿದರು. ಶಾಲೆಯಲ್ಲಿ ಕಲಿಯುವ ನ್ಯೂಟನ್ನನ ಎರಡನೆಯ ನಿಯಮವೇ ಅವುಗಳ ಬುನಾದಿ. ಆದರೆ ಸುಳಿಗಳಿಂದ ತುಂಬಿದ ಹರಿವಿಗೆ ಅವನ್ನು ಕೈಯಿಂದ ಬಿಡಿಸಲಾಗದು. ಆದ್ದರಿಂದ ಜಾಗವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಲೆಕ್ಕ ಮಾಡಬೇಕಾಗುತ್ತದೆ.

ಈ ಕೆಲಸಕ್ಕೆ ಬೆಂಗಳೂರಿನಲ್ಲಿ ದೊಡ್ಡ ಪರಂಪರೆಯೇ ಇದೆ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ‘ಫ್ಲೋಸಾಲ್ವರ್’ ಸಿದ್ಧವಾಯಿತು. ಹಲವು ಪ್ರೊಸೆಸರುಗಳು ಕೆಲಸ ಹಂಚಿಕೊಂಡು ಏಕಕಾಲಕ್ಕೆ ಲೆಕ್ಕ ಮಾಡುವ ಯಂತ್ರವಿದು. ಹರಿವಿನ ಲೆಕ್ಕ ಬಿಡಿಸುವುದೇ ಅದರ ಉದ್ದೇಶ. ಹೆಸರೂ ಅದನ್ನೇ ಹೇಳುತ್ತದೆ. ಮುಂದೆ ಇದೇ ಸಾಲಿನ ಯಂತ್ರಗಳು ಮುಂಗಾರಿನ ಲೆಕ್ಕಕ್ಕೂ ಬಳಕೆಯಾದವು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ‘ಪರಮ್ ಪ್ರವೇಗ’ದ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳು!

ಲೆಕ್ಕವೇನೋ ಮುಗಿಯಿತು. ಉತ್ತರವನ್ನು ಓದುವವರು ಯಾರು? ಉದ್ದ, ಅಗಲ, ಎತ್ತರಗಳಲ್ಲಿ ತಲಾ 1,000 ಭಾಗ ಮಾಡಿದರೆ ನೂರು ಕೋಟಿ ಚೌಕಗಳಾದವು. ಪ್ರತಿಯೊಂದರಲ್ಲೂ ವೇಗದ ಮೂರು ಅಂಕಿ, ಒತ್ತಡದ ಒಂದು ಅಂಕಿ. ಅಂದರೆ ಒಂದು ಕ್ಷಣದ ಹರಿವಿಗೇ 400 ಕೋಟಿ ಅಂಕಿಗಳು. ಸೆಕೆಂಡಿಗೊಂದರಂತೆ ಹಗಲಿರುಳು ಓದಿದರೂ ಸುಮಾರು 127 ವರ್ಷ ಬೇಕು!

ಆದ್ದರಿಂದಲೇ ಅಂಕಿಗಳನ್ನು ಚಿತ್ರವಾಗಿಸುತ್ತಾರೆ. ಲೆಕ್ಕದ ಹರಿವಿನೊಳಗೆ ಕಾಲ್ಪನಿಕ ಕಣಗಳನ್ನು ತೇಲಿಬಿಟ್ಟು ಅವು ಸಾಗುವ ದಾರಿಯನ್ನು ಗೆರೆಯಾಗಿ ಎಳೆಯುತ್ತಾರೆ; ಇದು ಕಂಪ್ಯೂಟರಿನ ಮಂಡಕ್ಕಿ. ವೇಗ, ಒತ್ತಡಗಳಿಗೆ ಬಣ್ಣ ಕೊಡುತ್ತಾರೆ. ಎಲ್ಲ ಅಂಕಿಗಳನ್ನೂ ಡಿಸ್ಕಿಗೆ ಬರೆದಿಡಲು ತುಂಬ ಸಮಯ ಹಿಡಿಯುವುದರಿಂದ, ಲೆಕ್ಕ ನಡೆಯುತ್ತಿರುವಾಗಲೇ ಚಿತ್ರ ತೆಗೆಯುವ ಪದ್ಧತಿಯೂ ಬಂದಿದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಕಾಮನಬಿಲ್ಲಿನ ಬಣ್ಣಗಳನ್ನು ಬಳಸಿದಾಗ ಹಳದಿ ಪಟ್ಟಿ ಎದ್ದು ಕಾಣುತ್ತದೆ. ನಿಜವಾಗಿ ಅಂಕಿಗಳು ನಿಧಾನವಾಗಿ ಏರುತ್ತಿದ್ದರೂ ಅಲ್ಲೊಂದು ಗಡಿ ಇರುವಂತೆ ಕಣ್ಣು ಮೋಸಹೋಗುತ್ತದೆ. ಹಸಿರಿನ ಹರವಿನೊಳಗೆ ಸಣ್ಣ ಸುಳಿಯೊಂದು ಮರೆಯಾಗಿಬಿಡಲೂಬಹುದು. ಲೆಕ್ಕ ಸರಿಯಿದ್ದರೂ ಚಿತ್ರ ತಪ್ಪು ಹೇಳಬಹುದು!

ಇದು ವಿಜ್ಞಾನಿಗಳಿಗಷ್ಟೇ ಸೇರಿದ ಮಾತಲ್ಲ. ಬಣ್ಣಬಣ್ಣದ ಮಳೆ ನಕ್ಷೆಯನ್ನು ನಂಬಿ ಮೆಕ್ಕೆಜೋಳ ಬಿತ್ತಬೇಕೋ, ಎರಡು ದಿನ ಕಾಯಬೇಕೋ ಎಂದು ಯೋಚಿಸುವ ರೈತನಿಗೂ ಸಂಬಂಧಿಸಿದ್ದು. ನಕ್ಷೆಯ ಅಂಚಿನಲ್ಲಿ ಯಾವ ಬಣ್ಣಕ್ಕೆ ಎಷ್ಟು ಮಿಲಿಮೀಟರ್ ಎಂದು ತೋರಿಸುವ ಪಟ್ಟಿ ಇರುತ್ತದೆ. ಮಕ್ಕಳು ಮೊದಲು ಅದನ್ನು ಓದಿ, ಆಮೇಲೆ ನಕ್ಷೆ ನೋಡುವ ಅಭ್ಯಾಸ ಮಾಡಿಕೊಳ್ಳಲಿ. ಮನೆಯ ಹಿರಿಯರಿಗೂ ಓದಿ ಹೇಳಲಿ.