ಮಾದರಿ ವಿಮಾನದ ಸ್ಪರ್ಧಾ ಎಂಜಿನ್

ಮಾದರಿ ವಿಮಾನದ ಸ್ಪರ್ಧಾ ಎಂಜಿನ್ ಎಂದರೆ ಮಾದರಿ ವಿಮಾನಗಳ ವೇಗದ ಪಂದ್ಯಗಳಿಗಾಗಿ ನಿಯಮಗಳ ಮಿತಿಯೊಳಗೆ ರೂಪಿಸಿದ ಅಥವಾ ಮಾರ್ಪಡಿಸಿದ ಸಣ್ಣ ಅಂತರ್ದಹನ ಎಂಜಿನ್. ಇವುಗಳಲ್ಲಿ ಹೆಚ್ಚಿನವು ಎರಡು ಹೊಡೆತದ ಎಂಜಿನ್‌ಗಳಾಗಿವೆ. ಎಂಜಿನ್ನಿನ ಗಾತ್ರ ಮತ್ತು ಇಂಧನವನ್ನು ನಿಯಮವೇ ನಿರ್ಧರಿಸುವುದರಿಂದ ಘರ್ಷಣೆ, ಸೋರಿಕೆ ಮತ್ತು ಶಾಖದಿಂದಾಗುವ ನಷ್ಟವನ್ನು ತಗ್ಗಿಸುವುದೇ ಮಾರ್ಪಾಡಿನ ಮುಖ್ಯ ಉದ್ದೇಶವಾಗಿರುತ್ತದೆ.

ನಿಯಮಗಳು

ಅಂತರರಾಷ್ಟ್ರೀಯ ಪಂದ್ಯಗಳಿಗೆ 1905ರಲ್ಲಿ ಸ್ಥಾಪನೆಯಾದ ಫೆಡರೇಷನ್ ಏರೋನಾಟಿಕ್ ಇಂಟರ್‌ನ್ಯಾಷನಲ್ ಸಂಸ್ಥೆಯು ನಿಯಮಗಳನ್ನು ರೂಪಿಸುತ್ತದೆ. ತಂತಿ ಹಿಡಿದು ವೃತ್ತಾಕಾರದಲ್ಲಿ ಹಾರಿಸುವ ಮಾದರಿಗಳ ವೇಗಸ್ಪರ್ಧೆ ‘ಎಫ್2ಎ’ ಮತ್ತು ತಂಡಗಳ ಓಟ ‘ಎಫ್2ಸಿ’ ವರ್ಗಗಳಲ್ಲಿ ಎಂಜಿನ್ನಿನ ಗಾತ್ರ 2.5 ಸಿ.ಸಿ. ಮೀರುವಂತಿಲ್ಲ. ಎಫ್2ಎ ವರ್ಗದಲ್ಲಿ 80 ಭಾಗ ಮೆಥನಾಲ್ ಮತ್ತು 20 ಭಾಗ ಹರಳೆಣ್ಣೆ ಬೆರೆತ ಇಂಧನವನ್ನೇ ಬಳಸಬೇಕು. ಬೆಳಗಾವಿ, ಧಾರವಾಡ ಸೀಮೆಯಲ್ಲಿ ಔಡಲೆಣ್ಣೆ ಎಂದು ಕರೆಯಲಾಗುವ ಈ ಎಣ್ಣೆಯು ಹೆಚ್ಚಿನ ಶಾಖದಲ್ಲೂ ಜಾರುವ ಗುಣವನ್ನು ಉಳಿಸಿಕೊಳ್ಳುತ್ತದೆ.

ಗಾತ್ರದ ಮಿತಿ ಬಹಳ ಸೂಕ್ಷ್ಮವಾದುದು. 15 ಮಿ.ಮೀ. ವ್ಯಾಸದ ಸಿಲಿಂಡರ್ ಮತ್ತು 14 ಮಿ.ಮೀ. ಹೊಡೆತವಿರುವ ಎಂಜಿನ್ನಿನ ಗಾತ್ರ 2.47 ಸಿ.ಸಿ. ಆಗುತ್ತದೆ. ಉಜ್ಜುವಾಗ ವ್ಯಾಸವು 15.1 ಮಿ.ಮೀ.ಗೆ ಹಿಗ್ಗಿದರೆ ಗಾತ್ರ 2.51 ಸಿ.ಸಿ. ತಲುಪಿ ಎಂಜಿನ್ ಅನರ್ಹವಾಗುತ್ತದೆ.

ಸಾಮಾನ್ಯ ಮಾರ್ಪಾಡುಗಳು

* ಪಿಸ್ಟನ್ ಮತ್ತು ಸಿಲಿಂಡರಿನ ಹೊಂದಾಣಿಕೆ: ಅಲ್ಯೂಮಿನಿಯಂ ಪಿಸ್ಟನ್ ಮತ್ತು ಕ್ರೋಮ್ ಲೇಪಿತ ಹಿತ್ತಾಳೆಯ ಒಳಗೊಳವೆ ಪ್ರಚಲಿತವಾಗಿವೆ. ಒಳಗೊಳವೆಯ ಮೇಲ್ತುದಿಯನ್ನು ಸ್ವಲ್ಪ ಕಿರಿದಾಗಿಸಲಾಗುತ್ತದೆ. ತಣ್ಣಗಿರುವಾಗ ಅಲ್ಲಿ ಬಿಗಿಯಾಗುವ ಪಿಸ್ಟನ್, ಎಂಜಿನ್ ಕಾದ ಬಳಿಕ ಸರಿಯಾಗಿ ಹೊಂದಿಕೊಳ್ಳುತ್ತದೆ.
* ದ್ವಾರಗಳ ಸಮಯ: ನಿಷ್ಕಾಸ ದ್ವಾರ ಹೆಚ್ಚು ಹೊತ್ತು ತೆರೆದಿದ್ದರೆ ಅತಿ ವೇಗದಲ್ಲಿ ಶಕ್ತಿ ಹೆಚ್ಚುತ್ತದೆ, ಆದರೆ ಕಡಿಮೆ ವೇಗದಲ್ಲಿ ಎಳೆಯುವ ಬಲ ಕುಗ್ಗುತ್ತದೆ. ಒಮ್ಮೆ ಕೊರೆದ ಲೋಹವನ್ನು ಮತ್ತೆ ತುಂಬಲಾಗದ ಕಾರಣ ಈ ಕೆಲಸ ಹಂತ ಹಂತವಾಗಿ ನಡೆಯುತ್ತದೆ.
* ಸಂಪೀಡನ: ಸಿಲಿಂಡರ್ ತಲೆಯ ಕೆಳಗಿನ ತೆಳು ತಗಡುಗಳನ್ನು ತೆಗೆದರೆ ಸಂಪೀಡನ ಹೆಚ್ಚುತ್ತದೆ. ಅದು ಅತಿಯಾದರೆ ಮಿಶ್ರಣ ಅವಧಿಗೆ ಮುನ್ನವೇ ಹೊತ್ತಿಕೊಂಡು ಎಂಜಿನ್ ಹಾಳಾಗಬಹುದು.
* ಶ್ರುತಿಗೊಳಿಸಿದ ನಿಷ್ಕಾಸ ಕೊಳವೆ: ಕೊಳವೆಯಲ್ಲಿ ಹಿಂದಿರುಗುವ ಒತ್ತಡದ ಅಲೆಯು ಹೊರಹೋಗುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಕೊಳವೆಯ ಉದ್ದವು ಎಂಜಿನ್ನಿನ ವೇಗಕ್ಕೆ ಹೊಂದಬೇಕು. ನಿಯಮವು ಇದನ್ನು ಅನುಮತಿಸುವ ವರ್ಗಗಳಲ್ಲಿ ಮಾತ್ರ ಬಳಸಬಹುದು.

ವೇಗ ಮತ್ತು ಮಿತವ್ಯಯ

ತಂಡಗಳ ಓಟದಲ್ಲಿ ಮೂರು ಮಾದರಿಗಳು ಒಂದೇ ವೃತ್ತದಲ್ಲಿ ಹಾರುತ್ತವೆ. ವೃತ್ತದ ತ್ರಿಜ್ಯ 15.92 ಮೀ. ಆಗಿದ್ದು, 10 ಸುತ್ತುಗಳು 1 ಕಿ.ಮೀ.ಗೆ ಸಮ. ಪ್ರಾಥಮಿಕ ಓಟ 100 ಸುತ್ತು, ಅಂತಿಮ ಓಟ 200 ಸುತ್ತು ಇರುತ್ತದೆ. ಇಂಧನ ತೊಟ್ಟಿಯಲ್ಲಿ 7 ಸಿ.ಸಿ.ಗಿಂತ ಹೆಚ್ಚು ಹಿಡಿಸುವಂತಿಲ್ಲ. ಇಲ್ಲಿ ಡೀಸೆಲ್ ಎಂಜಿನ್‌ಗಳನ್ನು ಬಳಸುತ್ತಾರೆ. ಈಥರ್, ಸೀಮೆಎಣ್ಣೆ ಮತ್ತು ಎಣ್ಣೆಯ ಮಿಶ್ರಣವು ಸಂಪೀಡನದ ಶಾಖದಿಂದಲೇ ಹೊತ್ತಿಕೊಳ್ಳುತ್ತದೆ.

ಒಂದು ತೊಟ್ಟಿ ಇಂಧನದಲ್ಲಿ 34 ಸುತ್ತು ಹಾರುವ ಮಾದರಿಯು ಎರಡು ಬಾರಿ ಇಳಿದು ಇಂಧನ ತುಂಬಿಸಿಕೊಂಡರೆ 100 ಸುತ್ತುಗಳನ್ನು ಮುಗಿಸಬಲ್ಲದು. 33 ಸುತ್ತು ಮಾತ್ರ ಹಾರುವ ಮಾದರಿ ಮೂರನೆಯ ಬಾರಿಯೂ ಇಳಿಯಬೇಕಾಗುತ್ತದೆ. ಆದ್ದರಿಂದ ಅತ್ಯಂತ ವೇಗದ ಎಂಜಿನ್ನೇ ಗೆಲ್ಲುತ್ತದೆ ಎನ್ನುವಂತಿಲ್ಲ. ಇಂಧನವನ್ನು ಉಳಿಸುವ ಮತ್ತು ಬಿಸಿಯಿದ್ದಾಗಲೂ ತಕ್ಷಣ ಚಾಲೂ ಆಗುವ ಎಂಜಿನ್ ಅನೇಕ ವೇಳೆ ಮುಂದಿರುತ್ತದೆ.

ಪರಿಶೀಲನೆ ಮತ್ತು ಸುರಕ್ಷತೆ

ನಿಯಮಪಾಲನೆಯನ್ನು ಖಚಿತಪಡಿಸಲು ಅಧಿಕಾರಿಗಳು ಎಂಜಿನ್ನಿನ ಗಾತ್ರ, ತೊಟ್ಟಿಯ ಅಳತೆ ಹಾಗೂ ತಂತಿಗಳ ಉದ್ದ ಮತ್ತು ದಪ್ಪವನ್ನು ಪರೀಕ್ಷಿಸುತ್ತಾರೆ. ಹಾರಾಟಕ್ಕೆ ಮುನ್ನ ತಂತಿಗಳನ್ನು ಎಳೆದು ಅವುಗಳ ಬಲವನ್ನೂ ನೋಡಲಾಗುತ್ತದೆ. 500 ಗ್ರಾಂ ತೂಕದ ಮಾದರಿಯು 15.92 ಮೀ. ತ್ರಿಜ್ಯದಲ್ಲಿ ಗಂಟೆಗೆ 200 ಕಿ.ಮೀ. ವೇಗದಿಂದ ಸುತ್ತಿದರೆ ಹಾರಿಸುವವನ ಕೈಗೆ ಸುಮಾರು 10 ಕಿ.ಗ್ರಾಂ. ಭಾರದಷ್ಟು ಎಳೆತ ಬೀಳುತ್ತದೆ. ಎಂಜಿನ್ನಿನ ಶಕ್ತಿಯೊಡನೆ ವೇಗ ಹೆಚ್ಚಿದಂತೆ ಈ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಮಿತಿ ಮೀರಿದ ಮಾರ್ಪಾಡು ಅನ್ಯಾಯವಷ್ಟೇ ಅಲ್ಲದೆ ಅಪಾಯವೂ ಆಗುತ್ತದೆ. ಮೆಥನಾಲ್ ವಿಷಕಾರಿಯಾಗಿದ್ದು, ಅದರ ಜ್ವಾಲೆ ಹಗಲಿನಲ್ಲಿ ಸುಲಭವಾಗಿ ಕಾಣುವುದಿಲ್ಲ.

ಭಾರತದಲ್ಲಿ

ಭಾರತದಲ್ಲಿ ವಿದ್ಯಾರ್ಥಿಗಳಿಗೆ ಈ ಕಲೆ ಪರಿಚಯವಾಗುವ ಮುಖ್ಯ ಮಾರ್ಗಗಳಲ್ಲಿ ಎನ್.ಸಿ.ಸಿ. ವಾಯು ವಿಭಾಗವೂ ಒಂದು. ಅದರ ತರಬೇತಿಯಲ್ಲಿ ಮಾದರಿ ವಿಮಾನ ನಿರ್ಮಾಣ ಮತ್ತು ಹಾರಾಟ ಸೇರಿವೆ. ಅಖಿಲ ಭಾರತ ವಾಯು ಸೈನಿಕ ಶಿಬಿರದಲ್ಲಿ ಮಾದರಿ ವಿಮಾನಗಳ ಸ್ಪರ್ಧೆಗಳು ನಡೆಯುತ್ತವೆ. ರಾಜ್ಯದ ಕೆಡೆಟ್‌ಗಳು ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯದ ವ್ಯಾಪ್ತಿಗೆ ಒಳಪಡುತ್ತಾರೆ.