ಬೇಸ್‌ಬಾಲ್ ಆಟಗಾರನ ವಿನಿಮಯವೂ ಕಾಲದ ಬೆಲೆಯೂ

ಅಮೆರಿಕದ ಪ್ರಧಾನ ಬೇಸ್‌ಬಾಲ್ ಕೂಟದಲ್ಲಿ ಆರು ವರ್ಷಗಳ ಸೇವೆ ಸಲ್ಲಿಸಿದ ಆಟಗಾರನು, ಬೇರೆ ಕರಾರಿಲ್ಲದಿದ್ದಲ್ಲಿ, ತನಗೆ ಬೇಕಾದ ತಂಡವನ್ನು ಸೇರಲು ಸ್ವತಂತ್ರನು. ಆದುದರಿಂದ ತಂಡದ ಕೈಯಲ್ಲಿರುವುದು ಅವನ ಉಳಿದ ವರ್ಷಗಳು ಮಾತ್ರ. ಅವು ಕರಗಿದಂತೆಲ್ಲ ವಿನಿಮಯದ ಬೆಲೆಯೂ ಕುಗ್ಗುತ್ತದೆ.

ಹುವಾನ್ ಸೋಟೋನ ನಿದರ್ಶನವನ್ನು ಪರಿಶೀಲಿಸೋಣ. ಅವನು 15 ವರ್ಷಗಳ 44 ಕೋಟಿ ಡಾಲರ್ ಕರಾರನ್ನು ನಿರಾಕರಿಸಲು, ವಾಷಿಂಗ್ಟನ್ ತಂಡವು 2022ರ ಆಗಸ್ಟಿನಲ್ಲಿ, ಸುಮಾರು ಎರಡೂವರೆ ಋತುಗಳು ಉಳಿದಿರುವಾಗಲೇ, ಅವನನ್ನೂ ಜಾಷ್ ಬೆಲ್‌ನನ್ನೂ ಸ್ಯಾನ್ ಡಿಯೇಗೋ ತಂಡಕ್ಕೆ ಕೊಟ್ಟು ಆರು ಮಂದಿಯನ್ನು ಪಡೆಯಿತು. ಕೊನೆಯ ಋತುವಿಗೆ ಅವನನ್ನು ಪಡೆದ ಯಾಂಕೀಸ್ ತಂಡಕ್ಕೆ, 2024ರ ಡಿಸೆಂಬರಿನಲ್ಲಿ ಅವನು 76.5 ಕೋಟಿ ಡಾಲರಿಗೆ ಮೆಟ್ಸ್ ತಂಡವನ್ನು ಸೇರಿದಾಗ, ಹೊಸಬರ ಆಯ್ಕೆಯಲ್ಲಿ ಒಂದು ಹೆಚ್ಚಿನ ಸರದಿಯಷ್ಟೇ ಪರಿಹಾರವಾಗಿ ದೊರೆಯಿತು.

ಲೆಕ್ಕದಲ್ಲಿ ವಾಷಿಂಗ್ಟನ್ನಿನ ನಡೆ ವಿವೇಕದ್ದೆಂದೇ ನಾವು ಭಾವಿಸುತ್ತೇವೆ. ಆದರೆ 2019ರ ವಿಜಯದಲ್ಲಿ ಪಾಲುಗೊಂಡವನನ್ನು ಕಳೆದುಕೊಂಡ ಊರಿನ ನಷ್ಟವು ಆ ಲೆಕ್ಕದೊಳಗೆ ಬಾರದು.