ಬಸುರಿಯ ಊಟ ತೋಟದವರೆಗೂ ಹೋಗಲಿ

ಬಾಳೆಹೊನ್ನೂರಿನ ಸುತ್ತಮುತ್ತ ಡಿಸೆಂಬರ್, ಜನವರಿ ಎಂದರೆ ಕಾಫಿ ಕೊಯ್ಲಿನ ಕಾಲ. ಲೈನ್ ಮನೆಗಳ ಹೆಂಗಸರು ಬೆಳಗಾಗುತ್ತಲೇ ತೋಟಕ್ಕೆ ಹೊರಡುತ್ತಾರೆ. ಹಣ್ಣು ಕುಯ್ದಷ್ಟೂ ಕೂಲಿ ಎಂದಾಗ ನಡುವೆ ಕೈ ಬಿಟ್ಟು ಬರಲು ಯಾರಿಗೂ ಮನಸ್ಸಾಗದು. ಅವರಲ್ಲಿ ಬಸುರಿಯರೂ ಇರುತ್ತಾರೆ. ಅದೇ ಹೊತ್ತಿಗೆ ಅಂಗನವಾಡಿಯಲ್ಲಿ ಅವರ ಪಾಲಿನ ಅನ್ನ ಬೇಯುತ್ತಿರುತ್ತದೆ.

ಆ ಊಟವೇ ಮಾತೃಪೂರ್ಣ. ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಇದನ್ನು ಎಲ್ಲ ಜಿಲ್ಲೆಗಳಿಗೂ ತಂದಿತು. ಗರ್ಭಿಣಿಯರಿಗೂ, ಹೆರಿಗೆಯಾಗಿ ಆರು ತಿಂಗಳಾಗುವ ತನಕ ಬಾಣಂತಿಯರಿಗೂ ತಿಂಗಳಿಗೆ 25 ದಿನ ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಜೊತೆಗೆ ಕಬ್ಬಿಣಾಂಶದ ಮಾತ್ರೆ. ಹಿಂದೆ ದಿನಸಿಯನ್ನು ಮನೆಗೇ ಕೊಡುತ್ತಿದ್ದರು. ಅದು ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಹಾಗಾಗಿ ಅಂಗನವಾಡಿಯಲ್ಲೇ ಕೂರಿಸಿ ಬಡಿಸುವ ಏರ್ಪಾಡು ಬಂತು.

ಇದರ ಅಗತ್ಯ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ತಾಯಿಯ ಮೈಯಲ್ಲಿ ರಕ್ತ ಕಡಿಮೆಯಾದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಕೂಸಿನ ತೂಕ ಕಡಿಮೆಯಾಗುವ ಅಪಾಯ ಹೆಚ್ಚು.

ಕಾಫಿ ಸೀಮೆಯಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮಾತ್ರೆ ನುಂಗಿದ ಬೆನ್ನಿಗೇ ಕಾಫಿಯನ್ನೋ ಚಹಾವನ್ನೋ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಒಂದೆರಡು ಗಂಟೆ ತಡೆಯಬೇಕು. ಲಿಂಬೆರಸ, ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು.

ಬಯಲುಸೀಮೆಯಲ್ಲಿ ಅಂಗನವಾಡಿ ಊರ ನಡುವೆ ಇರುತ್ತದೆ. ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಊರೆಂದರೆ ಗುಡ್ಡಕ್ಕೊಂದು, ಹಳ್ಳದಾಚೆಗೊಂದು ಮನೆ. ಎಂಟು ತಿಂಗಳ ಹೊಟ್ಟೆ ಹೊತ್ತು, ಆಷಾಢದ ಮಳೆಯಲ್ಲಿ ಜಾರುವ ದಾರಿ ಹಿಡಿದು ಒಂದು ಊಟಕ್ಕೆ ದಿನಾ ಬಾ ಎನ್ನುವುದು ಎಷ್ಟು ಸರಿ? ಬಾಣಂತಿಯಂತೂ ಎಳೆಗೂಸನ್ನು ಎತ್ತಿಕೊಂಡೇ ಬರಬೇಕು. ಬಸುರಿನಿಂದ ಕೂಸಿಗೆ ಆರು ತಿಂಗಳಾಗುವವರೆಗೆ ಲೆಕ್ಕ ಹಾಕಿದರೆ ಸುಮಾರು 15 ತಿಂಗಳು. ಅಷ್ಟರಲ್ಲಿ ಒಂದು ಮಳೆಗಾಲ, ಒಂದು ಕೊಯ್ಲು ಬಂದೇ ಬರುತ್ತವೆ.

ಬೇರೆ ದಾರಿಗಳಿವೆ. ಕೋವಿಡ್ ಕಾಲದಲ್ಲಿ ಅಂಗನವಾಡಿಗಳು ಮುಚ್ಚಿದಾಗ ದಿನಸಿ ಮನೆಗೇ ಹೋಯಿತು. ಅಮೆರಿಕದಲ್ಲಿ 1970ರ ದಶಕದಿಂದ ನಡೆಯುತ್ತಿರುವ ‘ವಿಕ್’ ಯೋಜನೆಯಲ್ಲಿ ಬಡ ತಾಯಂದಿರು ಹಾಲು, ಮೊಟ್ಟೆ, ಕಾಳುಗಳನ್ನು ಅಂಗಡಿಯಿಂದಲೇ ತರುತ್ತಾರೆ. ನಮ್ಮಲ್ಲಿಯೂ 1951ರ ತೋಟ ಕಾರ್ಮಿಕರ ಕಾಯ್ದೆ, 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದಿತ್ತು. ಅಂಥ ಕೋಣೆಗಳಿರುವ ಕಡೆ ಕೊಯ್ಲಿನ ತಿಂಗಳುಗಳಲ್ಲಾದರೂ ಮಾತೃಪೂರ್ಣದ ಊಟವನ್ನು ಅಲ್ಲಿಯೇ ಬಡಿಸಬಹುದು. ಒಂಟಿಮನೆಗಳಿಗೆ ಮಳೆಗಾಲ ಹಿಡಿಯುವ ಮೊದಲೇ ಕಾಳು, ಚಿಕ್ಕಿ, ಹಾಲಿನ ಪುಡಿ ತಲುಪಿಸಬಹುದು. ಅದನ್ನು ಹೊರುವ ಕೆಲಸವೂ ಅಂಗನವಾಡಿ ಸಹಾಯಕಿಯ ತಲೆಗೇ ಬೀಳದಂತೆ ಸಾಗಣೆಗೆ ಬೇರೆ ಹಣ ಕೊಡಬೇಕು.